ಅವಮಾನದಿಂದ ಹುಟ್ಟಿತೇ ಲ್ಯಾಂಬೋರ್ಗಿನಿ? ಫಾರ್ವರ್ಡ್‌ನಲ್ಲಿ ಇಲ್ಲದ ಅರ್ಧ ಕಥೆ

ಟ್ರ್ಯಾಕ್ಟರ್ ತಯಾರಕ ಫೆರುಚ್ಚೊ ಲ್ಯಾಂಬೋರ್ಗಿನಿ ತಮ್ಮ ಫೆರಾರಿ ಕಾರಿನ ಕ್ಲಚ್ ಸರಿಯಿಲ್ಲ ಎಂದು ಎಂಜೊ ಫೆರಾರಿ ಬಳಿ ದೂರು ಹೇಳಿದರಂತೆ. ಟ್ರ್ಯಾಕ್ಟರ್ ಓಡಿಸುವವನಿಗೆ ಫೆರಾರಿ ಬಗ್ಗೆ ಏನು ಗೊತ್ತು ಎಂದು ಎಂಜೊ ಹೀಯಾಳಿಸಿದರಂತೆ. ಅದೇ ಸಿಟ್ಟಿಗೆ ಫೆರುಚ್ಚೊ ಸ್ವಂತ ಕಾರು ತಯಾರಿಸಿ ಸೇಡು ತೀರಿಸಿಕೊಂಡರಂತೆ. ಈ ಕಥೆ ನಿಮ್ಮ ಫೋನಿಗೂ ಬಂದಿರಬಹುದು. ಇದರಲ್ಲಿ ನಿಜ ಎಷ್ಟು? ನೋಡೋಣ.

ಜಗಳ ನಡೆದದ್ದು ನಿಜವೇ?

ಫೆರುಚ್ಚೊ ಬಳಿ ಫೆರಾರಿ ಕಾರು ಇದ್ದದ್ದು ನಿಜ. ಆದರೆ ಜಗಳದ ಕಥೆ ನಮಗೆ ಸಿಕ್ಕಿರುವುದು ಮುಖ್ಯವಾಗಿ ಅವರದೇ ಬಾಯಿಂದ, ವರ್ಷಗಳ ನಂತರದ ಸಂದರ್ಶನಗಳಲ್ಲಿ. ಹಾಗಾಗಿ ಇದನ್ನು ಒಬ್ಬರ ನೆನಪು ಎಂದು ಓದಬೇಕೇ ಹೊರತು ದಾಖಲೆ ಎಂದಲ್ಲ.

ಅವರು ಬಡ ಟ್ರ್ಯಾಕ್ಟರ್ ಚಾಲಕರೇ?

ಅಲ್ಲ. 1916ರಲ್ಲಿ ರೈತ ಕುಟುಂಬದಲ್ಲಿ ಹುಟ್ಟಿದ ಅವರು ಎರಡನೇ ಮಹಾಯುದ್ಧದಲ್ಲಿ ವಾಯುಪಡೆಯ ಮೆಕ್ಯಾನಿಕ್ ಆಗಿದ್ದರು. ಯುದ್ಧ ಮುಗಿದ ಮೇಲೆ ಸೇನೆಯ ಹಳೆಯ ವಾಹನಗಳ ಬಿಡಿಭಾಗಗಳಿಂದ ಟ್ರ್ಯಾಕ್ಟರ್ ಕಟ್ಟಿ, 1948ರಲ್ಲಿ ಕಂಪನಿ ಶುರು ಮಾಡಿದರು. 1963ರಲ್ಲಿ ಸಾಂತಾಗಾತಾ ಬೊಲೊನ್ಯೇಸೆ ಊರಿನಲ್ಲಿ ಕಾರು ಕಂಪನಿ ತೆರೆಯುವ ಹೊತ್ತಿಗೆ ಅವರು ಶ್ರೀಮಂತ ಉದ್ಯಮಿ. ಒಳ್ಳೆಯ ಎಂಜಿನಿಯರ್‌ಗಳನ್ನು ಕರೆತರಲು ಅವರ ಬಳಿ ಹಣವಿತ್ತು.

ಹಾಗಾದರೆ ಕಾರು ಮಾಡಿದ್ದು ಯಾರು?

ಎಂಜಿನ್ ವಿನ್ಯಾಸ ಜೊಟ್ಟೊ ಬಿಜ್ಜಾರಿನಿ ಅವರದು. 1961ರಲ್ಲಿ ಫೆರಾರಿ ಬಿಟ್ಟು ಬಂದ ಎಂಜಿನಿಯರ್ ಇವರು. ಅವರು ರೂಪಿಸಿದ್ದು 12 ಸಿಲಿಂಡರ್‌ಗಳ, 3.5 ಲೀಟರ್‌ನ 'ವಿ' ಆಕಾರದ ಎಂಜಿನ್. ಗಾಳಿ ಒಳಗೆ ಬರುವ, ಹೊಗೆ ಹೊರಗೆ ಹೋಗುವ ವಾಲ್ವ್‌ಗಳನ್ನು ಸರಿಯಾದ ಸಮಯಕ್ಕೆ ತೆರೆಯುವ ದಂಡಕ್ಕೆ ಕ್ಯಾಮ್‌ಶಾಫ್ಟ್ ಎನ್ನುತ್ತಾರೆ. ಆಗಿನ ಫೆರಾರಿ ರಸ್ತೆ ಕಾರುಗಳ 12 ಸಿಲಿಂಡರ್ ಎಂಜಿನ್‌ನಲ್ಲಿ ಇಂಥವು ಎರಡು ಇದ್ದವು. ಬಿಜ್ಜಾರಿನಿ ನಾಲ್ಕು ಇಟ್ಟರು. ಇದರಿಂದ ಎಂಜಿನ್ ಅತಿ ವೇಗವಾಗಿ ತಿರುಗುವಾಗಲೂ ವಾಲ್ವ್‌ಗಳು ತಪ್ಪದೆ ಕೆಲಸ ಮಾಡುತ್ತವೆ.

1963ರ ಟೂರಿನ್ ಮೋಟಾರು ಪ್ರದರ್ಶನದಲ್ಲಿ ಮೊದಲ ಮಾದರಿ '350 ಜಿಟಿವಿ' ಕಾಣಿಸಿಕೊಂಡಿತು. ತಮಾಷೆಯೆಂದರೆ, ಎಂಜಿನ್ ಅದರೊಳಗೆ ಕೂರಲೇ ಇಲ್ಲ! ಬಾನೆಟ್ ಮುಚ್ಚಿಯೇ ಕಾರನ್ನು ತೋರಿಸಬೇಕಾಯಿತು.

ಅಲ್ಲಿಂದ ಮುಂದಿನ ಕೆಲಸ ಜಾಂಪಾವ್ಲೊ ದಲ್ಲಾರಾ ಮತ್ತು ಪಾವ್ಲೊ ಸ್ಟಾಂಜಾನಿ ಎಂಬ ಇಪ್ಪತ್ತರ ಹರೆಯದ ಇಬ್ಬರು ಎಂಜಿನಿಯರ್‌ಗಳದು. ಗ್ರ್ಯಾಂಡ್ ಟೂರರ್ ಎಂದರೆ ದೂರದ ಪ್ರಯಾಣವನ್ನು ವೇಗವಾಗಿ, ಆರಾಮವಾಗಿ ಮುಗಿಸುವ ಕಾರು. ರೇಸ್‌ ಕಾರಿನ ಸ್ವಭಾವದ ಎಂಜಿನ್ ಇದಕ್ಕೆ ಒಗ್ಗುವುದಿಲ್ಲ. ಅದಕ್ಕೆ ಅವರು ಎಂಜಿನ್‌ನ ಶಕ್ತಿಯನ್ನು ಬೇಕೆಂದೇ ತಗ್ಗಿಸಿದರು. ಮೇಲೆ ನಿಂತಿದ್ದ ಕಾರ್ಬ್ಯುರೇಟರ್‌ಗಳನ್ನು ಪಕ್ಕಕ್ಕೆ ಮಲಗಿಸಿದರು, ಬಾನೆಟ್ ತಗ್ಗಿನಲ್ಲಿ ಕೂತಿತು. ಮಿಲಾನ್‌ನ ಟೂರಿಂಗ್ ಕಂಪನಿ ಹಗುರವಾದ ಅಲ್ಯೂಮಿನಿಯಂ ಬಾಡಿ ಮಾಡಿಕೊಟ್ಟಿತು. ಹೀಗೆ 1964ರಲ್ಲಿ '350 ಜಿಟಿ' ಮಾರುಕಟ್ಟೆಗೆ ಬಂತು. ತಯಾರಾದದ್ದು ಸುಮಾರು 120 ಮಾತ್ರ. ಆದರೆ ಅದೇ ಎಂಜಿನ್ ವಂಶ ಸುಧಾರಣೆಗೊಳ್ಳುತ್ತಾ 2010ರವರೆಗೂ ಲ್ಯಾಂಬೋರ್ಗಿನಿ ಕಾರುಗಳಲ್ಲಿ ಉಳಿಯಿತು.

ನಮ್ಮ ತೀರ್ಮಾನ

ಕಥೆ ಪೂರ್ತಿ ಸುಳ್ಳಲ್ಲ, ಆದರೆ ಅರ್ಧವೇ ಇದೆ. ಒಂದು ಅವಮಾನ ಸಾಕು, ಛಲವಿದ್ದರೆ ಮಿಕ್ಕದ್ದೆಲ್ಲ ತಾನಾಗಿ ಆಗುತ್ತದೆ ಎಂದು ಓದುವ ಹುಡುಗರು ನಂಬಿಬಿಡಬಹುದು. ಇಲ್ಲಿ ಛಲದ ಜೊತೆ ಬಂಡವಾಳವೂ ಇತ್ತು, ಕೆಲಸ ಕಲಿತವರೂ ಇದ್ದರು, ಮೊದಲ ಮಾದರಿಯನ್ನು ತಿದ್ದುವ ತಾಳ್ಮೆಯೂ ಇತ್ತು. ಮುಂದಿನ ಸಲ ಈ ಕಥೆ ಫಾರ್ವರ್ಡ್ ಮಾಡುವುದಾದರೆ ಬಿಜ್ಜಾರಿನಿ, ದಲ್ಲಾರಾ, ಸ್ಟಾಂಜಾನಿ ಹೆಸರುಗಳನ್ನೂ ಸೇರಿಸಿ ಕಳಿಸಿ.