ಚಳಿಗಾಲಕ್ಕೆ ಚೆಂದದ ಹಿತ್ತಲು



ಮಳೆ ನಿಂತು ತೊಗರಿ ಹೂ ಬಿಡುವ ಹೊತ್ತಿಗೆ ಯಾದಗಿರಿ, ಶಹಾಪುರ, ಸುರಪುರದ ಊರುಗಳಲ್ಲಿ ಎಷ್ಟೋ ಹಿತ್ತಲುಗಳು ಒಣಗಿ ಬಯಲಾಗುತ್ತವೆ. ನಾರಾಯಣಪುರ ಕಾಲುವೆಯ ನೀರು ಹೊಲಕ್ಕೆ ಬರುತ್ತದೆ, ಹಿತ್ತಲಿಗೆ ಬರೋದಿಲ್ಲ. ಹೊಲದಲ್ಲಿ ದುಡಿಯುವ ನಾವೇ ಸಂತೆಯಲ್ಲಿ ಒಂದು ಸಿವುಡು ಮೆಂತ್ಯೆಗೆ ರೊಕ್ಕ ಕೊಡ್ತೀವಿ. ಕೈಯಲ್ಲಿ ರೊಕ್ಕ ಇಲ್ಲದ ವಾರ ರೊಟ್ಟಿ-ಖಾರದಲ್ಲೇ ಊಟ ಮುಗಿಸ್ತೀವಿ.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ನೂರಕ್ಕೆ ಸುಮಾರು 48 ಮಂದಿಗೆ ರಕ್ತಹೀನತೆ ಇದೆ. ಆಸ್ಪತ್ರೆಯಲ್ಲಿ ಕೊಟ್ಟ ಕಬ್ಬಿಣದ ಗುಳಿಗೆ ತಪ್ಪಿಸಬಾರದು. ಅದರ ಜೊತೆಗೆ ದಿನಾ ಹಸಿರು ಪಲ್ಯವೂ ಬೇಕು. ಚಳಿಗಾಲ ಸೊಪ್ಪು-ಹೂವಿಗೆ ಹೇಳಿ ಮಾಡಿಸಿದ ಕಾಲ.

ಮೊದಲು ಜಾಗ, ಮಣ್ಣು
ದಿನಕ್ಕೆ ಐದಾರು ತಾಸು ಬಿಸಿಲು ಬೀಳುವ ಜಾಗ ಆರಿಸಿಕೊಳ್ಳಿ. ನಮ್ಮ ಎರೆಮಣ್ಣು ನೀರು ಹೆಚ್ಚಾದರೆ ಅಂಟುತ್ತದೆ, ಒಣಗಿದರೆ ಬಿರಿಯುತ್ತದೆ. ಆದ್ದರಿಂದ ಕಳಿತ ತಿಪ್ಪೆಗೊಬ್ಬರ, ಸ್ವಲ್ಪ ಮರಳು ಸೇರಿಸಿ ಮಡಿಯನ್ನು ಎತ್ತರ ಮಾಡ್ರಿ. ಅಗಲ ಮೂರು ಅಡಿ ಸಾಕು. ಎರಡೂ ಬದಿಯಿಂದ ಕೈ ಎಟುಕಬೇಕು. ಜಾಗ ಇಲ್ಲದವರು ಹಳೇ ಬುಟ್ಟಿ, ಸಿಮೆಂಟ್ ಚೀಲ, ಒಡೆದ ಕೊಡದಲ್ಲೂ ಬೆಳೆಸಬಹುದು.

ಸರದಿ ಪ್ರಕಾರ ಬಿತ್ತನೆ
ಎಲ್ಲಾ ಬೀಜ ಒಂದೇ ದಿನ ಹಾಕಿದರೆ ಎಲ್ಲಾ ಒಮ್ಮೆಗೇ ಬಂದು, ಆಮೇಲೆ ಮಡಿ ಖಾಲಿ ಬೀಳುತ್ತದೆ. ಮೆಂತ್ಯೆ ಬೀಜವನ್ನು ನಾಲ್ಕು ಪಾಲು ಮಾಡಿ ವಾರಕ್ಕೊಂದು ಪಾಲು ಬಿತ್ತಿರಿ. 25-30 ದಿನಕ್ಕೆ ಕೀಳಲು ಬರುತ್ತದೆ. ಕೋತಂಬರಿ ಬೀಜವನ್ನು ಮೆಲ್ಲಗೆ ಉಜ್ಜಿ ಎರಡು ಹೋಳು ಮಾಡಿ ಹಾಕ್ರಿ. ಪಾಲಕನ್ನು ಬೇರು ಕೀಳದೆ ಕೊಯ್ದರೆ ಮತ್ತೆ ಮತ್ತೆ ಚಿಗುರುತ್ತದೆ. ಮೂಲಂಗಿಗೆ ಒಂದೂವರೆ ತಿಂಗಳು, ಗಜ್ಜರಿಗೆ ಮೂರು ತಿಂಗಳು ಬೇಕು. ಬೇಲಿಗೆ ಅವರೆ ಬಳ್ಳಿ, ಮೂಲೆಗೊಂದು ನುಗ್ಗೆ ಇರಲಿ.

ಹೂವು ಬರೀ ಚೆಂದಕ್ಕಲ್ಲ
ದಸರೆಗೆ ಚೆಂಡುಹೂವಿನ ಬೀಜ, ದೀಪಾವಳಿಗೆ ಟೊಮೆಟೊ ಬೀಜ ಸಸಿಮಡಿಗೆ ಹಾಕಿರಿ. ಆಮೇಲೆ ಟೊಮೆಟೊ ಸುತ್ತ ಚೆಂಡುಹೂ ನೆಟ್ಟರೆ ಎರಡೂ ಕೂಡಿ ಹೂ ಬಿಡುತ್ತವೆ. ಕಾಯಿಕೊರಕದ ಪತಂಗ ಚೆಂಡುಹೂವಿಗೆ ಬಂದು ಮೊಟ್ಟೆ ಇಡುತ್ತದೆ, ಟೊಮೆಟೊಗೆ ಕಾಟ ಕಡಿಮೆ. ಹುಳ ಕಂಡ ಹೂ ಕಿತ್ತು ನಾಶ ಮಾಡ್ರಿ. ಉಳಿದ ಹೂ ಎಳ್ಳ ಅಮಾವಾಸ್ಯೆ, ಸಂಕ್ರಾಂತಿಗೆ ಮನೆಗೂ ಆಯಿತು, ಮಾರಲಿಕ್ಕೂ ಆಯಿತು.

ನೀರು, ಔಷಧಿ
ಅಕ್ಕಿ, ಕಾಯಿಪಲ್ಯ ತೊಳೆದ ನೀರು ಸೊಪ್ಪಿಗೆ. ಸಾಬೂನಿನ ಬಚ್ಚಲು ನೀರು ಬಾಳೆ ಗಿಡಕ್ಕೆ. ಗಿಡದ ಬುಡಕ್ಕೆ ತೊಗರಿ ಹೊಟ್ಟು ಹರಡಿದರೆ ಹಸಿ ಬೇಗ ಆರೋದಿಲ್ಲ. ಚಳಿಯಲ್ಲಿ ಹೇನು ಬಿದ್ದರೆ, ಒಂದು ಲೀಟರ್ ನೀರಿಗೆ 50 ಗ್ರಾಂ ಬೇವಿನ ಬೀಜ ಕುಟ್ಟಿ ರಾತ್ರಿ ನೆನೆಹಾಕಿ, ಸೋಸಿ, ಚೂರು ಸಾಬೂನು ಕರಗಿಸಿ ಹೊಡೀರಿ. ಹತ್ತಿಗೆ ತಂದು ಉಳಿದ ವಿಷವನ್ನು ಪಲ್ಯಕ್ಕೆ ಯಾವತ್ತೂ ಹೊಡೆಯಬ್ಯಾಡ್ರಿ. ಆ ಖಾಲಿ ಡಬ್ಬಿಯಲ್ಲಿ ನೀರು ಕೂಡ ಹಾಕಬ್ಯಾಡ್ರಿ. ಗಿಡದ ಬಗ್ಗೆ ಅನುಮಾನ ಬಂದರೆ ಸುರಪುರ ತಾಲ್ಲೂಕಿನ ಕವಡಿಮಟ್ಟಿ ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಬಹುದು.

ತಟ್ಟೆಗೆ ಬಂದಾಗ
ಪಲ್ಯದ ಮೇಲೆ ನಿಂಬೆಹಣ್ಣು ಹಿಂಡಿ ಉಣ್ಣಿರಿ, ಕಬ್ಬಿಣಾಂಶ ಮೈಗೆ ಚೆನ್ನಾಗಿ ಹತ್ತುತ್ತದೆ. ಊಟ ಆದ ಕೂಡಲೇ ಚಹಾ ಬೇಡ. ಎಲ್ಲರಿಗೂ ಬಡಿಸಿ ಕೊನೆಗೆ ಉಳಿದದ್ದು ಉಣ್ಣುವ ರೂಢಿ ನಮ್ಮದು. ಪಲ್ಯದಲ್ಲಿ ನಮ್ಮ ಪಾಲು ಮೊದಲೇ ತೆಗೆದಿಡೋಣ.

ಸಂಘದಲ್ಲಿ ಮಾಡಬೇಕಾದದ್ದು
ಮುಂದಿನ ವಾರದ ಸಭೆಯಲ್ಲಿ ಯಾರಿಗೆ ಯಾವ ಬೀಜ ಬೇಕು ಎಂದು ಪುಸ್ತಕದಲ್ಲಿ ಬರೆದು, ಒಟ್ಟಿಗೆ ತಂದು ಹಂಚಿಕೊಳ್ಳಿ. ಪ್ರತಿ ಮಡಿಯಲ್ಲಿ ಎರಡು ಒಳ್ಳೆ ಗಿಡ ಬೀಜಕ್ಕೆ ಬಿಡ್ರಿ. ಸುಗ್ಗಿ ಮುಗಿದ ಮೇಲೆ ಗುಳೆ ಹೋಗುವ ಅಕ್ಕನ ಹಿತ್ತಲಿಗೆ ನೆರೆಮನೆಯ ಸದಸ್ಯೆ ನೀರು ಹಾಕಲಿ, ಪಲ್ಯ ತಾನೇ ಉಣ್ಣಲಿ, ಬೀಜ ಮಾತ್ರ ಇಬ್ಬರೂ ಹಂಚಿಕೊಳ್ಳಲಿ. ಆಕೆ ತಿರುಗಿ ಬಂದಾಗ ಬಿತ್ತಲಿಕ್ಕೆ ಕೈಯಲ್ಲಿ ಬೀಜ ಇರುತ್ತದೆ.