ಅನ್ನನಾಳದ ಕ್ಯಾನ್ಸರ್: ಅಸಾಮಾನ್ಯ ಲಕ್ಷಣಗಳು ಹಾಗೂ ಹರಡುವ ಬಗೆ (ಮಂಕಿ ಮತ್ತು ಸುತ್ತಲಿನ ಗ್ರಾಮಗಳ ಸಾರ್ವಜನಿಕರ ಮಾಹಿತಿಗಾಗಿ)

ಗಂಟಲನ್ನು ಜಠರಕ್ಕೆ ಜೋಡಿಸುವ ಸುಮಾರು 25 ಸೆಂ.ಮೀ. ಉದ್ದದ ಸ್ನಾಯುಮಯ ಕೊಳವೆಯೇ ಅನ್ನನಾಳ. ಇದರ ಕ್ಯಾನ್ಸರ್‌ನ ಸಾಮಾನ್ಯ ಲಕ್ಷಣವೆಂದರೆ ನುಂಗಲು ತೊಂದರೆ. ಮೊದಲು ಅನ್ನ, ರೊಟ್ಟಿ, ಅನಂತರ ಗಂಜಿ, ಕೊನೆಗೆ ನೀರೂ ಇಳಿಯದಂತಾಗುತ್ತದೆ. ಆದರೆ ಅನ್ನನಾಳವು ಹಿಗ್ಗುವ ಗುಣವುಳ್ಳದ್ದಾದುದರಿಂದ ಗಡ್ಡೆಯು ಸಾಕಷ್ಟು ಬೆಳೆಯುವವರೆಗೆ ಈ ತೊಂದರೆ ಕಾಣಿಸದಿರಬಹುದು. ಕೆಲವರಲ್ಲಿ ಮೊದಲ ಸೂಚನೆಯು ದೇಹದ ಬೇರೆ ಭಾಗದಲ್ಲಿಯೇ ಕಂಡುಬರುತ್ತದೆ.

ಗಮನಿಸಬೇಕಾದ ಅಸಾಮಾನ್ಯ ಲಕ್ಷಣಗಳು:

1. ಧ್ವನಿ ಒಡೆಯುವುದು: ಧ್ವನಿಪೆಟ್ಟಿಗೆಯ ನರವು ಅನ್ನನಾಳದ ಪಕ್ಕದಲ್ಲಿ ಹಾದುಹೋಗುತ್ತದೆ. ರೋಗವು ಈ ನರವನ್ನು ತಲುಪಿದಲ್ಲಿ ಧ್ವನಿ ಬದಲಾಗುತ್ತದೆ.
2. ನೀರು ಕುಡಿದಾಗ ಕೆಮ್ಮು: ಗಡ್ಡೆಯು ಶ್ವಾಸನಾಳಕ್ಕೆ ರಂಧ್ರ ಮಾಡಿದಲ್ಲಿ ಆಹಾರವು ಶ್ವಾಸಕೋಶ ಸೇರಿ ಪದೇ ಪದೇ ನ್ಯುಮೋನಿಯಾ ಉಂಟಾಗುತ್ತದೆ.
3. ಎಡ ಕೊರಳೆಲುಬಿನ ಮೇಲೆ ಗಟ್ಟಿಯಾದ, ನೋವಿಲ್ಲದ ಗಂಟು.
4. ಕಾರಣ ತಿಳಿಯದ ರಕ್ತಹೀನತೆ, ನಿಲ್ಲದ ಬಿಕ್ಕಳಿಕೆ, ಬೆನ್ನು ಅಥವಾ ಮೂಳೆಗಳ ನೋವು.

ಈ ಲಕ್ಷಣಗಳಿದ್ದ ಮಾತ್ರಕ್ಕೆ ಕ್ಯಾನ್ಸರ್ ಇದೆಯೆಂದು ಅರ್ಥವಲ್ಲ. ಆದರೆ ಮೂರು ವಾರಗಳಿಗಿಂತ ಹೆಚ್ಚು ಕಾಲ ಮುಂದುವರಿದಲ್ಲಿ ವೈದ್ಯರ ತಪಾಸಣೆ ಅವಶ್ಯಕ. ನುಂಗುವಾಗ ಕೆಮ್ಮು ಬರುವುದನ್ನು ವೈದ್ಯರಿಗೆ ತಪ್ಪದೇ ತಿಳಿಸಬೇಕು. ಇಲ್ಲವಾದಲ್ಲಿ ಅದನ್ನು ಕೇವಲ ಶ್ವಾಸಕೋಶದ ಕಾಯಿಲೆಯೆಂದು ಭಾವಿಸಿ ಕಾಲಹರಣವಾಗುವ ಸಂಭವವಿದೆ.

ರೋಗವು ಬೇಗ ಹರಡಲು ಕಾರಣ:

ಕರುಳಿಗೆ ಇರುವಂತಹ ಹೊರಪೊರೆಯು ಅನ್ನನಾಳದ ಬಹುಭಾಗಕ್ಕೆ ಇರುವುದಿಲ್ಲ. ಆದುದರಿಂದ ಗಡ್ಡೆಯು ಅಕ್ಕಪಕ್ಕದ ಅಂಗಗಳಿಗೆ ಸುಲಭವಾಗಿ ಹಬ್ಬುತ್ತದೆ. ಒಳಪದರದ ದುಗ್ಧನಾಳಗಳು ಉದ್ದಕ್ಕೆ ಸಾಗುವುದರಿಂದ ಎದೆಯಲ್ಲಿನ ರೋಗವು ಕುತ್ತಿಗೆಯ ಅಥವಾ ಹೊಟ್ಟೆಯ ಗ್ರಂಥಿಗಳಲ್ಲಿ ಕಾಣಿಸಬಹುದು. ರಕ್ತದ ಮೂಲಕ ಯಕೃತ್ತು, ಶ್ವಾಸಕೋಶ ಹಾಗೂ ಮೂಳೆಗಳನ್ನು ತಲುಪುತ್ತದೆ.

ಯಾರು ಎಚ್ಚರಿಕೆ ವಹಿಸಬೇಕು?

ಹೊಗೆಸೊಪ್ಪು ಸೇರಿಸಿದ ಕವಳ, ಗುಟ್ಕಾ, ಬೀಡಿ, ಸಿಗರೇಟು ಹಾಗೂ ಮದ್ಯ ಸೇವಿಸುವವರಲ್ಲಿ ಅಪಾಯ ಹೆಚ್ಚು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಅಡಿಕೆಯನ್ನು 2004ರಲ್ಲಿ ಕ್ಯಾನ್ಸರ್‌ಕಾರಕವೆಂದೂ, 65 ಡಿಗ್ರಿ ಸೆಲ್ಸಿಯಸ್‌ಗಿಂತ ಬಿಸಿಯಾದ ಪಾನೀಯಗಳನ್ನು 2016ರಲ್ಲಿ ಸಂಭವನೀಯ ಕಾರಕವೆಂದೂ ವರ್ಗೀಕರಿಸಿದೆ.

ತಪಾಸಣೆ ಮತ್ತು ಸೌಲಭ್ಯ ಪಡೆಯುವ ವಿಧಾನ:

ಮಂಕಿಯ ನಿವಾಸಿಗಳು ಮೊದಲಿಗೆ ಸ್ಥಳೀಯ ಆರೋಗ್ಯ ಕೇಂದ್ರದಲ್ಲಿ ಅಥವಾ ಹೊನ್ನಾವರ ತಾಲ್ಲೂಕು ಆಸ್ಪತ್ರೆಯಲ್ಲಿ ವೈದ್ಯರನ್ನು ಕಾಣುವುದು. ಎಂಡೋಸ್ಕೋಪಿ ಹಾಗೂ ಬಯಾಪ್ಸಿಯಿಂದ ರೋಗವು ಖಚಿತವಾಗುತ್ತದೆ. ಹರಡುವಿಕೆಯನ್ನು ಸಿ.ಟಿ. ಸ್ಕ್ಯಾನ್‌ನಿಂದ ಅರಿಯಲಾಗುತ್ತದೆ. ಹುಬ್ಬಳ್ಳಿ ನವನಗರದ ಕರ್ನಾಟಕ ಕ್ಯಾನ್ಸರ್ ಚಿಕಿತ್ಸೆ ಮತ್ತು ಸಂಶೋಧನಾ ಸಂಸ್ಥೆ ಹಾಗೂ ಬೆಂಗಳೂರಿನ ಕಿದ್ವಾಯಿ ಸಂಸ್ಥೆಗಳು ಕ್ಯಾನ್ಸರ್ ಚಿಕಿತ್ಸೆಗೆಂದೇ ಇರುವ ಆಸ್ಪತ್ರೆಗಳಾಗಿವೆ.

2018ರಲ್ಲಿ ಜಾರಿಗೆ ಬಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಡಿ ಬಿ.ಪಿ.ಎಲ್. ಕುಟುಂಬಗಳಿಗೆ ವಾರ್ಷಿಕ 5 ಲಕ್ಷ ರೂ.ವರೆಗೆ ಚಿಕಿತ್ಸಾ ಸೌಲಭ್ಯವಿದೆ. ಎ.ಪಿ.ಎಲ್. ಕುಟುಂಬಗಳಿಗೆ ಪ್ಯಾಕೇಜ್ ದರದ ಶೇ. 30ರಷ್ಟನ್ನು, ವಾರ್ಷಿಕ 1.5 ಲಕ್ಷ ರೂ. ಮಿತಿಯಲ್ಲಿ ಭರಿಸಲಾಗುತ್ತದೆ. ಆಧಾರ್ ಕಾರ್ಡ್ ಹಾಗೂ ಪಡಿತರ ಚೀಟಿ ಜೊತೆಗಿರಬೇಕು. ತುರ್ತು ಸಂದರ್ಭ ಹೊರತುಪಡಿಸಿ, ಖಾಸಗಿ ಆಸ್ಪತ್ರೆಗೆ ತೆರಳುವ ಮುನ್ನ ಸರ್ಕಾರಿ ಆಸ್ಪತ್ರೆಯಿಂದ ಶಿಫಾರಸು ಪತ್ರ ಪಡೆಯತಕ್ಕದ್ದು. ಮಾಹಿತಿಗೆ 104 ಆರೋಗ್ಯ ಸಹಾಯವಾಣಿಗೆ ಕರೆ ಮಾಡಬಹುದು.

ನುಂಗಲು ಆಗುತ್ತಿದೆ ಎಂಬ ಕಾರಣಕ್ಕೆ ಉಳಿದ ಲಕ್ಷಣಗಳನ್ನು ಕಡೆಗಣಿಸದೆ, ಸಕಾಲದಲ್ಲಿ ತಪಾಸಣೆ ಮಾಡಿಸಿಕೊಳ್ಳಲು ಸಾರ್ವಜನಿಕರಲ್ಲಿ ಕೋರಲಾಗಿದೆ.