ಇಲ್ಲದ ಗೆರೆಯನ್ನು ಕಾಣುವ ಕಣ್ಣು

ಚೌಕನೆಯ ಪೆಟ್ಟಿಗೆಯೊಂದಕ್ಕೆ ಹನ್ನೆರಡು ಅಂಚುಗಳು. ಚಿತ್ರ ಬರೆಯುವಾಗ ಒಂದೆರಡನ್ನು ಬಿಟ್ಟರೂ ನೋಡಿದವರು ‘ಇದು ಪೆಟ್ಟಿಗೆ’ ಎಂದೇ ಹೇಳುತ್ತಾರೆ. ಹಾಗಾದರೆ ಇಲ್ಲದ ಗೆರೆಗಳನ್ನು ಎಳೆದವರಾರು? ನೋಡುವವರ ಮನಸ್ಸು! ಇದನ್ನೇ ಹಿಡಿದು ಅಮೆರಿಕದ ಕಲಾವಿದ ಸಾಲ್ ಲೆವಿಟ್ (1928–2007) 1974ರಲ್ಲಿ ‘ಅಪೂರ್ಣ ತೆರೆದ ಘನಗಳು’ ಎಂಬ ಕೃತಿಸರಣಿ ರಚಿಸಿದರು.

ಅವರ ನಿಯಮ ಸರಳ. ಘನದ ಒಂದು ಅಂಚಾದರೂ ಕಾಣೆಯಾಗಿರಬೇಕು. ಉಳಿದವು ಒಂದಕ್ಕೊಂದು ಕೂಡಿಕೊಂಡಿರಬೇಕು. ಆಕೃತಿ ಚಪ್ಪಟೆಯಾಗಿರದೆ ಉದ್ದ, ಅಗಲ, ಎತ್ತರ ಮೂರೂ ಇರಬೇಕು. ತಿರುಗಿಸಿದಾಗ ಒಂದೇ ಆಗುವವನ್ನು ಒಂದೆಂದೇ ಎಣಿಸಬೇಕು. ಹೀಗೆ ಸಿಕ್ಕ ಆಕೃತಿಗಳು 122. ಹನ್ನೊಂದು ಅಂಚಿನದು ಒಂದೇ ಒಂದು. ಏಕೆಂದರೆ ಯಾವ ಅಂಚನ್ನು ತೆಗೆದರೂ, ತಿರುಗಿಸಿದರೆ ಅದೇ ಆಕೃತಿ. ಏಳು ಅಂಚಿನವು 32. ಮೂರೇ ಅಂಚಿನವು 3: ಒಂದರಲ್ಲಿ ಮೂರೂ ಅಂಚುಗಳು ಒಂದು ಮೂಲೆಯಲ್ಲಿ ಸೇರುತ್ತವೆ, ಉಳಿದೆರಡು ಅಂಕುಡೊಂಕಾಗಿದ್ದು, ಎಡಗೈ ಬಲಗೈಗಳಂತೆ ಪರಸ್ಪರ ಕನ್ನಡಿಬಿಂಬಗಳು.

ಮನಸ್ಸಿನ ಈ ತುಂಬಿಕೊಳ್ಳುವ ಗುಣವನ್ನು ಇಟಲಿಯ ಮನೋವಿಜ್ಞಾನಿ ಗಯೆಟಾನೊ ಕನೀಜ 1955ರಲ್ಲಿ ಒಂದು ಚಿತ್ರದಿಂದ ತೋರಿಸಿದ್ದರು. ತುಂಡು ಕತ್ತರಿಸಿದ ಮೂರು ಕಪ್ಪು ಬಿಲ್ಲೆಗಳನ್ನು ಸರಿಯಾಗಿ ಜೋಡಿಸಿದರೆ ನಡುವೆ ಬಿಳಿ ತ್ರಿಕೋನ ಕಾಣುತ್ತದೆ. ಕಾಗದದಲ್ಲಿ ಅದರ ಗೆರೆಯೇ ಇಲ್ಲ. ಆದರೂ ಸುತ್ತಲಿನ ಕಾಗದಕ್ಕಿಂತ ಅದು ಹೆಚ್ಚು ಬೆಳ್ಳಗಿದೆ ಎನಿಸುತ್ತದೆ.

ಲೆವಿಟ್ 1968ರಿಂದ ಗೋಡೆಗಳ ಮೇಲೆಯೂ ಗೆರೆ ಎಳೆಯತೊಡಗಿದರು. ಮುಂದೆ ಅವರು ಬರೆದುಕೊಟ್ಟ ಸೂಚನೆಯಂತೆ ಬೇರೆಯವರೇ ಗೋಡೆಚಿತ್ರ ಬಿಡಿಸುತ್ತಿದ್ದರು. ಅಡುಗೆಯ ಕ್ರಮ ಒಬ್ಬರದು, ಕೈ ಇನ್ನೊಬ್ಬರದು ಎಂಬಂತೆ! ನ್ಯೂಯಾರ್ಕಿನ ಕೊಲಂಬಸ್ ಸರ್ಕಲ್ ಸುರಂಗ ರೈಲು ನಿಲ್ದಾಣದ ಗೋಡೆಯಲ್ಲಿ ಅವರ ಬಣ್ಣಬಣ್ಣದ ಹೆಂಚಿನ ಕೃತಿ ಸಿದ್ಧವಾದದ್ದು 2009ರಲ್ಲಿ, ಅವರು ತೀರಿಕೊಂಡ ಮೇಲೆ.

ಇದರಲ್ಲಿ ಮಕ್ಕಳಿಗೇನು ಲಾಭ? ಪಠ್ಯಪುಸ್ತಕದ ಘನ ನಿಜಕ್ಕೂ ಚಪ್ಪಟೆ ಗೆರೆಗಳ ಗೊಂಚಲು. ಅದರಲ್ಲಿ ಘನವನ್ನು ‘ಕಾಣುವುದು’ ಕಲಿಯಬೇಕಾದ ವಿದ್ಯೆ. ಅದು ಕಾಣದ ಮಗುವನ್ನು ‘ರೇಖಾಗಣಿತ ತಲೆಗೆ ಹತ್ತದು’ ಎಂದು ಗದರಿಸುವ ಬದಲು ಹನ್ನೆರಡು ಪೊರಕೆಕಡ್ಡಿ, ಎಂಟು ಜೇಡಿಮಣ್ಣಿನ ಉಂಡೆ ಕೊಡಿ. ಮೊದಲು ಪೂರ್ಣ ಘನ ಕಟ್ಟಲಿ. ಆಮೇಲೆ ಒಂದೊಂದೇ ಕಡ್ಡಿ ತೆಗೆದು ಎಲ್ಲ ದಿಕ್ಕಿನಿಂದಲೂ ನೋಡಲಿ, ನೋಡಿದ್ದನ್ನು ಬರೆಯಲಿ.

ಎರಡು ಕಡ್ಡಿ ತೆಗೆದರೆ ಎಷ್ಟು ಬಗೆಯ ಆಕೃತಿಗಳು? ಐದು. ಉತ್ತರ ತಿಳಿದ ಮೇಲೂ ಐದನ್ನೂ ಕಟ್ಟಿ ತೋರಿಸುವುದು ಸುಲಭವಲ್ಲ. ಅವುಗಳಲ್ಲಿ ಎರಡು ಒಂದೇ ಎಂದು ಕಣ್ಣು ವಾದಿಸುತ್ತದೆ. ಕೈಯಲ್ಲಿ ಹಿಡಿದು ತಿರುಗಿಸಿದಾಗಷ್ಟೇ ಅವು ಎಡಗೈ ಬಲಗೈಗಳೆಂದು ತಿಳಿಯುತ್ತದೆ.